ಕಕ್ಕಡದ ಕಾಗದ

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಕುಂಞಾಲಿ ಕಾಕ ಮೇಜಿನ ಮೇಲೆ ಮೂರು ಹಾಳೆ ಹಾಸಿ
ಕೈಗೊಂದು ಪುಟ್ಟ ಭೂತಗಾಜು ಕೊಟ್ಟರು.
"ಅಚ್ಚು ಆಮೇಲೆ. ಮೊದಲು ಇವುಗಳ ಗುಣ ಕೇಳು."

ಡಿಪ್ಲೊಮಾದಲ್ಲಿ ಎಲ್ಲ ಓದಿ ಬಂದವಳು ನಾನು:
ಉಬ್ಬಚ್ಚು, ಆಫ್‌ಸೆಟ್ಟು, ಜಾಲರಿಯ ಅಚ್ಚು,
ಚದರ ಮೀಟರಿಗೆ ಇಷ್ಟು ಗ್ರಾಂ, ಹೊಳಪು ಇಷ್ಟು.
ಕಾಕ ಹಾಳೆಯಂಚನ್ನು ಕೆಳತುಟಿಗೆ ತಾಗಿಸಿ
"ಇವತ್ತು ಇದು ನೀರು ಕುಡಿದಿದೆ" ಅನ್ನುತ್ತಾರೆ, ಅಷ್ಟೆ.

ಹರಿದು ತೋರಿಸಿದರು.
ಉದ್ದಕ್ಕೆ, ಬಾಳೆಪಟ್ಟೆ ಸೀಳಿದಂತೆ ನೇರ.
ಅಡ್ಡಕ್ಕೆ, ಹಲ್ಲುಹಲ್ಲು.
"ನಾರು ಮಲಗಿದ ದಿಕ್ಕು ನೋಡು.
ಈ ತಿಂಗಳಲ್ಲಿ ನಾರು ದಪ್ಪವಾಗುತ್ತೆ, ಉದ್ದವಾಗಲ್ಲ,
ಮದುವೆಯಾದ ನನ್ನ ಭಾವನ ಹಾಗೆ."

ಮೊದಲ ಕೆಲಸ ಶಾಲೆ ಕಟ್ಟಡದ ರಶೀದಿ, ಐನೂರು.
ಕಮಿಟಿ ಆರಿಸಿದ್ದು ಅಗ್ಗದ ಹಾಳೆ,
ಬೆರಳಿಟ್ಟರೆ ಬೆವರಿನ ಗುರುತು ಉಳಿಯುವಂಥದ್ದು.
ಮೊಳೆ ಜೋಡಿಸಿದ್ದು ಸರಿ, ಪ್ರೂಫು ಸರಿ,
ಟ್ರೆಡಲ್ ತುಳಿಯುತ್ತಾ ಹಾಡು ಕೂಡ ಗುನುಗಿದೆ.
ಮುನ್ನೂರನೆಯದಕ್ಕೆ ಗಾಜು ಇಟ್ಟಾಗ ಎದೆ ಧಸಕ್ಕೆಂದಿತು
(ಆ ಧ ಒಂದೇ ಸರಿಯಾಗಿದ್ದದ್ದು):
ಶಾಯಿ ಹರಡಿ ಹೊಟ್ಟೆಯ ಸೀಳು ಮುಚ್ಚಿ
ಧನಸಹಾಯ
ದನಸಹಾಯ ಆಗಿತ್ತು.

ಖಜಾಂಚಿ ಚಿಟ್ಟಿಯಪ್ಪ ಕನ್ನಡಕ ಹಣೆಗೇರಿಸಿ ಓದಿದರು.
"ಜನ ಹಸು ಹಿಡ್ಕೊಂಡು ಬಂದ್ರೆ ಕಟ್ಟೋದೆಲ್ಲಿ?"
ಕಾಕ ನಗಲಿಲ್ಲ. ಅಚ್ಚಿನೆದುರಿನ ಹಾಸಿನಿಂದ
ಎರಡು ಹಾಳೆ ಎಳೆದು ತೆಗೆದರು.
"ಒತ್ತು ಕಮ್ಮಿ ಮಾಡು. ಕನ್ನಡದಲ್ಲಿ
ಅಕ್ಷರದ ಕೆಳಗೇ ಒತ್ತು ಇದೆ,
ನೀನು ಬೇರೆ ಸೇರಿಸಬೇಡ."

ಕಕ್ಕಡ ಹದಿನೆಂಟರಂದು ಅವ್ವ ಕಟ್ಟಿಕೊಟ್ಟದ್ದು
ಮದ್ದುಸೊಪ್ಪಿನ ಪಾಯಸ,
ಬೇರೆ ಬಾಟಲಿಯಲ್ಲಿ ಸೊಪ್ಪು ಕುದಿಸಿದ ನೀರು, ಕಡುನೇರಳೆ.
ಪಾಯಸ ಕಾಕನಿಗೆ.
ನೀರನ್ನು ನಾನು ಮೂರು ಹಾಳೆಗೂ ಒಂದೊಂದು ತೊಟ್ಟು ಬಿಟ್ಟೆ.

ಅಗ್ಗದ ಹಾಳೆಯಲ್ಲಿ ಅದು ಕ್ಷಣದಲ್ಲಿ ಓಡಿತು,
ಅಂಚಿಗೆಲ್ಲ ಕಾಲು ಮೂಡಿ, ಶತಪದಿ.
ಮ್ಯಾಪ್ಲಿಥೊ ತುಸು ತಡೆದು, ಯೋಚಿಸಿ, ಕುಡಿಯಿತು.
ಆರ್ಟ್ ಪೇಪರಿನ ಮೇಲೆ ತೊಟ್ಟು ಕಣ್ಣಿನಂತೆ ನಿಂತಿತು,
ಟ್ಯೂಬ್‌ಲೈಟನ್ನು ಒಳಗಿಟ್ಟುಕೊಂಡು.
ಸಂಜೆಯಾದರೂ ಒಣಗದೆ
ಮರೆತು ಮೇಲಿಟ್ಟ ಹಾಳೆಯ ಬೆನ್ನಿಗೆ ಅಂಟಿತು,
ಯಾರದೋ ಮದುವೆಯ ಕರೆಯೋಲೆ ಅದು,
ವರನ ಹೆಸರಿನ ಸರಿಯಾಗಿ ಹಿಂದೆ.

ಹದಿನೆಂಟು ಔಷಧ ಇದೆಯಂತೆ ಆ ಸೊಪ್ಪಿನಲ್ಲಿ.
ಮರುದಿನ ಬಚ್ಚಲಲ್ಲಿ ಬಣ್ಣ ನೋಡಿ
ಮೈಗೆ ಹತ್ತಿತು ಅಂದುಕೊಳ್ಳುತ್ತೇವೆ ನಾವು.
ಅಲ್ಲಿಂದ ನೇರ ಪ್ರೆಸ್ಸಿಗೆ ಬಂದು, ಬೀಗ ತೆಗೆದು,
ಹಾಳೆಗಳನ್ನೂ ಮಗುಚಿ ನೋಡಿದೆ.

ಒಂದರ ಬೆನ್ನು ಮುಖದಷ್ಟೇ ಕಪ್ಪು.
ಇನ್ನೊಂದರಲ್ಲಿ ಹೆಬ್ಬೆರಳ ನೆರಳಿನಷ್ಟು.
ಮೂರನೆಯದು ಬಿಳಿ. ಅದರ ಮುಂದಿನ ಕಲೆ
ಉಗುರು ತಾಗಿಸಿದರೆ ಪುಡಿಯಾಗಿ ಉದುರಿತು.

ಕಾಕ ಬರುವ ಮೊದಲೇ ಐನೂರು ಮ್ಯಾಪ್ಲಿಥೊ ಎಣಿಸಿಟ್ಟೆ,
ನಾರು ನೋಡಿ, ತುಟಿಗೆ ತಾಗಿಸಿ.
ದರ ಕೊಂಚ ಹೆಚ್ಚು. ಚಿಟ್ಟಿಯಪ್ಪನಿಗೆ ನಾನೇ ಹೇಳುತ್ತೇನೆ.

ದನಸಹಾಯದ ಮುನ್ನೂರನ್ನು
ಎದುರಿನ ಮೊಟ್ಟೆ ಅಂಗಡಿಯ ಸಾಲುದಾಸ್ ಒಯ್ದ,
ಹಿಂಬದಿಗೆ ಲೆಕ್ಕ ಬರೆಯಲು. ಕನ್ನಡ ಅಂಕಿಯವನು.
ನಿನ್ನೆ ಬಂದು ದೂರಿದ:
"ಅಕ್ಕಾ, ೧ ಬರೆದು ಕೈ ತೆಗೆಯೋದ್ರೊಳಗೆ
ಬಾಯಿ ಮುಚ್ಕೊಂಡು ೦ ಆಗುತ್ತೆ."