ಅಂಚು

ಹಡರ್ಸ್‌ಫೀಲ್ಡಿನಿಂದ ಹ್ಯಾಲಿಫ್ಯಾಕ್ಸಿಗೆ ಹೋಗುವ ಬಸ್ಸಿನ ಮೇಲಂತಸ್ತಿನಲ್ಲಿ
ಆರಿಂಚಿನ ಬೂದು ಪರದೆ ಹಿಡಿದು ಕೂತಿದ್ದೇನೆ.
ಒಳಗೊಂದು ಕೈಮಗ್ಗದ ಕೈಪಿಡಿ,
ಗುಳೇದಗುಡ್ಡದ ಯಾವುದೋ ಸಂಘದವರು ಅಚ್ಚು ಹಾಕಿಸಿದ್ದು,
ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸಿದ್ದು.

ಇಡೀ ಪುಟ ಒಮ್ಮೆಗೇ ನೋಡಿದರೆ
ಅಕ್ಷರವೆಲ್ಲ ಗಸಗಸೆ.
ಹಿಗ್ಗಿಸಿದರೆ ಸಾಲಿನ ಎಡಭಾಗವಷ್ಟೇ ನನ್ನ ಪಾಲಿಗೆ;
ಎಳೆಯಬೇಕು, ಪರದೆ ಕಪ್ಪಾಗಿ ಮಿಟುಕಬೇಕು,
ಉಳಿದರ್ಧ ಬರುವಷ್ಟರಲ್ಲಿ
ಮೊದಲರ್ಧ ಮರೆತಿರುತ್ತದೆ.
ಕೆಳತುದಿಯಲ್ಲಿ ಒತ್ತಕ್ಷರ ತುಂಡಾಗಿ
ಮಗ್ಗ ಮಗನಾಗುತ್ತದೆ, ಬಣ್ಣ ಬಣ.
"ಮಗ ಹೂಡುವ ಮೊದಲು" ಎಂದು ಓದಿ
ಒಬ್ಬಳೇ ನಕ್ಕಿದ್ದೇನೆ.

ಬೇರೆ ಪುಸ್ತಕಗಳು ನೀರಿನ ಹಾಗೆ,
ಚೆಂಬಿಗೆ ಚೆಂಬು, ಕೊಡಕ್ಕೆ ಕೊಡ.
ಇದು ಕಲ್ಲುಶಾಸನ. ಸರಿಯಬೇಕಾದವರು ನಾವೇ.
ಹೋದ ವಾರ ಹಟ ಹಿಡಿದು ಇದನ್ನೂ ಕರಗಿಸಿ ನೋಡಿದೆ:
ಕೊಂಬು ಒಂದು ಸಾಲಿನಲ್ಲಿ, ಅದರ ಅಕ್ಷರ ಇನ್ನೊಂದರಲ್ಲಿ,
ನೇಯ್ಗೆಯ ನಕ್ಷೆ ಇದ್ದಲ್ಲಿ
ಬರೀ ಪ್ರಶ್ನಾರ್ಥಕ ಚಿಹ್ನೆ.
ಅಳಿಸಿ, ಹಳೆಯದನ್ನೇ ಹಾಕಿಕೊಂಡೆ.
'ಅಂಚು ಕತ್ತರಿಸು' ಎಂಬಲ್ಲಿ ಒತ್ತಿದೆ.
ನಾಲ್ಕೂ ಕಡೆಯ ಬಿಳಿ ಹೋಗಿ
ಅಕ್ಷರ ಒಂದು ನೂಲಿನಷ್ಟು ದಪ್ಪವಾದವು.

ಈಗ ಬೆರಳೇ ಲಾಳಿ.
ಪುಟ ಹಾಸು, ಅಲ್ಲಾಡುವುದಿಲ್ಲ; ನಾನು ಹೊಕ್ಕು,
ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ,
ಇಳಕಲ್ಲಿನಲ್ಲಿ ಅವ್ವ ಸೀರೆಯ ಒಡಲಿಗೆ
ಸೆರಗಿನೆಳೆಗಳ ಕೊಂಡಿ ಹಾಕುತ್ತಿದ್ದ ಹಾಗೆ
ಅರ್ಧ ಸಾಲಿಗೆ ಅರ್ಧ ಸಾಲು.

ಪಕ್ಕದಲ್ಲಿ ಗ್ಲೆನಿಸ್ ಸೈಕ್ಸ್. ಗಿರಣಿಯಲ್ಲಿ ನಾವಿಬ್ಬರೂ
ಉಣ್ಣೆಬಟ್ಟೆಯ ತಪ್ಪೆಳೆ ಹುಡುಕಿ ಸೂಜಿಯಿಂದ ತುಂಬುವವರು.
ಅವಳಿಗೆ ಅದರಲ್ಲಿ ನಲವತ್ತೊಂದು ವರ್ಷ, ನನಗೆ ಮೂರು.
ನಮ್ಮ ಲಿಪಿ ಅವಳಿಗೆ ಬಿಚ್ಚಿದ ಸ್ವೆಟರಿನ ದಾರ.
ಆದರೂ ನಲವತ್ತೇಳನೆಯ ಪುಟದ ಚೌಕಗಳ ಮೇಲೆ
ಕನ್ನಡಕ ಹಣೆಗೇರಿಸಿ ಬಗ್ಗಿದಳು.
ಐನ್ಲಿ ಟಾಪಿನ ವೃತ್ತ ಸುತ್ತುತ್ತ ಬಸ್ಸು ವಾಲುವಾಗ
ಉಗುರಿನಿಂದ ತಟ್ಟಿದಳು:
"ಇಲ್ಲೊಂದು ಎಳೆ ತಪ್ಪಿದೆಯಲ್ಲ, ಹುಡುಗಿ."
ತಟ್ಟಿದ ಪೆಟ್ಟಿಗೆ ಪುಟವೇ ಮಗುಚಿತು.
ಹಿಂದಕ್ಕೆ ತಂದೆ. ಎಣಿಸಿದೆ. ಹೌದು.

ಅಚ್ಚಿನವರ ತಪ್ಪೋ, ಸ್ಕ್ಯಾನಿನದೋ ಎಂದು ನೋಡಲು
ಕತ್ತರಿಸಿದ ಅಂಚನ್ನು ಮತ್ತೆ ಬರಮಾಡಿಕೊಂಡೆ.
ಅದೇ ಸಾಲಿನ ನೇರಕ್ಕೆ, ಬಿಳಿಯಲ್ಲಿ,
ಪೆನ್ಸಿಲಿನ ಸಣ್ಣದೊಂದು ಕತ್ತರಿಗುರುತು,
ಅದರಡಿ ಇರುವೆಸಾಲಿನಂಥ ಬರಹ,
ಮೂಲೆಯಲ್ಲಿ ಪುಟ ಒತ್ತಿ ಹಿಡಿದ ಯಾರದೋ ಹೆಬ್ಬೆರಳು.
ಉಗುರ ಸಂದಿಯಲ್ಲಿ ಕಪ್ಪು. ನೀಲಿಯೇ ಇರಬೇಕು,
ಈ ಪರದೆಗೆ ಬಣ್ಣ ಗೊತ್ತಿಲ್ಲ.

"ಏನು ಬರೆದಿದೆ?" ಎಂದಳು ಗ್ಲೆನಿಸ್.
ಹಿಗ್ಗಿಸಿದೆ. ಓದಿ ಹೇಳಿದೆ:
"ಈ ಎಳಿ ಬಿಟ್ಟದ್ದು ತಪ್ಪಲ್ಲ, ಯಾಕಂದರ"
ಉಳಿದದ್ದು ಪರದೆಯಾಚೆ.
ಎಳೆದೆ. ಮಿಟುಕುತ್ತಿತ್ತು.
ಅವಳು ಕಾದಳು.