ತಿಳಿ

ಏಪ್ರಿಲ್‌ದಾಗ ವಿಜಯಪುರದಾಗ
ಬಣ್ಣ ಕುಂಚದ ಮ್ಯಾಲೇ ಒಣಗ್ತೈತಿ.
ಅದಕ್ಕ ನಸಕಿನ್ಯಾಗ ನಾಲ್ಕಕ್ಕ ಏಳ್ತೀನಿ.
ಸ್ಟೇಶನ್ ರೋಡಿಗೆ ಮೊದಲನೇ ಟಾಂಗಾ ಬರೂದ್ರಾಗ
ಹತ್ತು ಮಂದಿ ಸಿಪಾಯಿಗೋಳಿಗೆ ನೆರಳು ಕೊಡಬೇಕು.

ಒಬ್ಬೊಬ್ಬಾವ ನನ್ನ ಹೆಬ್ಬೆರಳ ಗೆಣ್ಣಿನಷ್ಟು ಎತ್ತರ.
ಬೆಳಗಾವಿ ಟಿಳಕವಾಡಿಯೊಳಗ ಎರಕ ಹೊಯ್ಸಿಕೊಂಡು,
ಹತ್ತಿ ಹೊದ್ದು, ಇಂಜೆಕ್ಷನ್ ಡಬ್ಬಿಯಾಗ ಕುಂತು
ಬಸ್ಸಿಗೆ ಬಂದಾರ.
ಮೊದಲು ಬಿಳಿ. ಆಮ್ಯಾಲೆ
ರುಮಾಲಿಗೆ ಕೆಂಪು, ಅಂಗಿಗೆ ಅರಿಷಿಣ, ಮುಖಕ್ಕ ಗೋದಿ.
ಈ ಹೊತ್ತಿನ್ಯಾಗ ಅವರನ್ನ ನೋಡಬಾರದ್ರಿ.
ಗೌರಿ ಹುಣ್ಣಿವಿ ಸಕ್ರಿ ಆರತಿಯಂಗ ಕಾಣ್ತಾರ.
ಇವರು ಯುದ್ಧ ಮಾಡತಾರ ಅಂದರ
ಇರಿವಿನೂ ನಂಬೂದಿಲ್ಲ.

ಬಾಟಲಿ ಮ್ಯಾಲೆ ವಾಶ್ ಅಂತ ಬರದಾರ.
ತೊಳಿಯೂದಲ್ಲ ಇದು, ಹೊಲಸು ಮಾಡೂದು.
ನಾ ತಿಳಿ ಅಂತೀನಿ. ನೋಡಾಕ ರಾಡಿ ಖರೆ,
ಕೆಳಗ ಇಳಿದ ಮ್ಯಾಲೆ ತಿಳೀತೈತಿ.
ಬಾಟಲಿ ತೀರಿದರ ಮನಿಯಾಗ ಕಲಸೂದು:
ಕಂದು ಒಂದು ಪಾಲು, ಕಪ್ಪು ಅದರ ಅರ್ಧ,
ಹೋಳಿಗಿ ಕಟ್ಟಿನಷ್ಟು ತೆಳ್ಳಗ,
ಮ್ಯಾಲೊಂದು ಹನಿ ಭಾಂಡಿ ತಿಕ್ಕೂ ಸೋಪು,
ನೀರಿನ ಹಟ ಮುರೀಲಿಕ್ಕೆ.

ಬಳಿಯೂದಲ್ಲ, ಮುಟ್ಟಿಸಿ ಕೈ ಬಿಡೂದು.
ಗುಡ್ಡ ಬಿಟ್ಟು ಅದು ತಾನ ಇಳೀತೈತಿ:
ರುಮಾಲಿನ ಸುತ್ತಿನೊಳಗ, ಕಂಕುಳಾಗ, ನಡುಪಟ್ಟಿ ಬುಡಕ,
ನಗರಪಾಲಿಕಿ ನೀರು ಎಂದೂ ಮುಟ್ಟದಂಥ
ಕಟ್ಟಕಡಿ ಓಣಿತನಕ.

ಹಗಲೆಲ್ಲ ನಂದು ಹಲ್ಲು ಮಾಡೂ ಕೆಲಸ.
ಡಾಕ್ಟರು ಅಳತಿ ಕಳಸ್ತಾರ, ನಾ ಭಟ್ಟಿಯಾಗ ಸುಡ್ತೀನಿ.
ಭಾಳ ಬಿಳೇ ಹಲ್ಲು ಬಾಯಾಗ ಕುಂತು ಸುಳ್ಳು ಹೇಳ್ತೈತಿ.
ಅದರ ಸೀಳಿನ್ಯಾಗ ಒಂದೀಟು ಕಂದು ಇಡಬೇಕು,
ನಲವತ್ತು ವರ್ಷದ ಚಾದ ಕಲಿ.
ಹಂಚಿನಾಳ ಗುರುಸಂಗವ್ವ ಬೈದಳು:
ರೊಕ್ಕಾ ಕೊಟ್ಟು ಹೊಲಸ ಹಲ್ಲ ತಗೋಬೇಕೇನ ನಾ?
ಹಾಕ್ಕೊಂಡು ಕನ್ನಡಿ ನೋಡಿದಳು.
ಇನ್ನೊಂದು ಸಲ ನೋಡಿದಳು.
ನನ್ನವ ಅದಾವ ಬಿಡವಾ, ಅಂದಳು.

ಕಾಯೂದು ನನಗ ಇನ್ನೂ ಬಂದಿಲ್ಲ.
ಹೋದ ಬ್ಯಾಸಗಿಗೆ ಅವಸರ ಮಾಡಿ ಫ್ಯಾನ್ ಹಚ್ಚಿ
ಒಂದು ಬಿಳೇ ಕುದುರಿ ಕೆಡಿಸಿದೆ.
ಹೊಟ್ಟಿ ಸುತ್ತ ತಿಳಿ ಉಂಗುರ ಕಟ್ಟಿ ಒಣಗಿತು,
ಚಾದ ಕಪ್ಪು ಇಟ್ಟ ಗುರುತಿನಂಗ.
ಜಮಾದಾರ ಬಂದೇನವಾಜ, ರವಿವಾರದ ನನ್ನ ವೈರಿ,
ಚಷ್ಮಾ ಏರಿಸಿ ನೋಡಿದ:
ಇದು ಕೃಷ್ಣಾ ದಾಟಿ ಬಂದ ಕುದುರಿರಿ ಮೇಡಮ್ಮರ,
ನೀರು ಅಲ್ಲಿತನಕ ಇತ್ತು.
ಬೇಡಿ ತಗೊಂಡು ಹೋದ.
ಆವತ್ತಿನಿಂದ ಅದು ಅವನ ದಂಡಿನ ಮುಂದ ನಿಲ್ಲತೈತಿ,
ನನ್ನ ತಪ್ಪು ಹೊತ್ತುಕೊಂಡು
ನನ್ನ ಮ್ಯಾಲೇ ಏರಿ ಬರ್ತೈತಿ.

ಇವತ್ತು ನಗಾರಿ ಬಡಿಯಾವನ ಪಾಳಿ.
ಆಟದ ಲೆಕ್ಕದಾಗ ಇವಗ ಬೆಲಿ ಇಲ್ಲ, ಸೊನ್ನಿ.
ಕತ್ತಿ ಇಲ್ಲ, ಢಾಲು ಇಲ್ಲ.
ಹಾಸಿದ ನೀಲಿ ರೆಕ್ಸಿನ್ ಹೊಳಿ ದಂಡ್ಯಾಗ ನಿಂತು
ಮೊದಲ ದಾಳಕ್ಕ ಬೀಳ್ತಾನ,
ಸ್ಟೀಲ್ ತಾಟಿನ್ಯಾಗ ಮಗ್ಗಲಾಗಿ ಮಲಗ್ತಾನ.
ನಾಲ್ಕು ದಿನದಿಂದ ಮುಖ ಖಾಲಿ ಇತ್ತು,
ಸುಲಿದ ಶೇಂಗಾದಂಗ.
ಕುಂಚದ ತುದಿ ಹಣಿಗೆ ಮುಟ್ಟಿಸಿದೆ.
ತಿಳಿ ಹುಬ್ಬು ಇಳಿದು ಕಣ್ಣಿನ ಕುಣಿಯಾಗ ತಡೀತು,
ಗಲ್ಲದ ಗುಂಟ ಹರದು
ತುಟಿ ನಡುವ ಹೋಗಿ ನಿಂತಿತು.
ಗದ್ದದ ಕೆಳಗ ಹೆಚ್ಚಾದದ್ದನ್ನ ಒಣ ಕುಂಚದಲೆ ಹೀರಿದೆ.

ಹಾಲಿನ ಗಂಟಿ ಬಾರಿಸಿತು. ಅತ್ತಿ ಪಾತೇಲಿ ಹಿಡಕೊಂಡು
ಹೋಗಾಕತ್ತಾಕಿ ಟೇಬಲ್ ಮುಂದ ನಿಂತಳು, ಬಗ್ಗಿದಳು.
ಈ ಆಟ ಆಕಿಗಿ ಸೇರೂದಿಲ್ಲ.
ಇಷ್ಟ ಮಂದಿಯಾಗ ಇವನೊಬ್ಬನ ಕಡೆ ಬೆರಳು ಮಾಡಿದಳು:
ಯಾಕವಾ, ಇಂವ ಯಾರನ್ನ ಒದರಾಕತ್ತಾನ?

ನಾ ನೋಡಿದೆ. ಖರೇನ, ಬಾಯಿ ತೆರದಿದ್ದ.
ರವಿವಾರದ ಮಾತು ಆಕಿಗಿ ಹೇಳಲಿಲ್ಲ.
ಇನ್ನ ಹಸಿ ಅದಾನ್ರಿ,
ಮುಟ್ಟಬ್ಯಾಡ್ರಿ, ಅಂದೆ.