ಅಂಗೈ ಉಜ್ಜಿಕೋ

ಜಿಲ್ಲಾ ಕಚೇರಿಯಿಂದ ಬಂದ ಹಾಳೆ ಕೇಳುತ್ತದೆ:
ಟೆಲಿಮೆಡಿಸಿನ್ ಸೇವೆಯ ಬಗ್ಗೆ ವೈದ್ಯರಾದ ತಮ್ಮ ಅನಿಸಿಕೆ?
ಐದು ಚೌಕ. ಒಂದಕ್ಕೆ ಸರಿ ಗುರುತು.
ಮೂರು ದಿನದಿಂದ ಪೇಪರ್‌ವೇಟಿನ ಕೆಳಗೆ
ಫ್ಯಾನಿನ ಗಾಳಿಗೆ ತುದಿ ಅಲ್ಲಾಡಿಸುತ್ತ ಬಿದ್ದಿದೆ.

ಮೊದಮೊದಲು ನಾನೇ ಅಂದಿದ್ದೆ,
ರೋಗಿಯನ್ನು ಮುಟ್ಟದೆ ಮಾತ್ರೆ ಬರೆಯುವುದೆಂದರೆ
ಜಾತಕ ನೋಡಿ ಜ್ವರ ಇಳಿಸಿದ ಹಾಗೆ.
ಚಿಂತಾಮಣಿ ಆಸ್ಪತ್ರೆಯ ಊಟದ ಕೋಣೆಯಲ್ಲಿ
ಎಲ್ಲರೂ ನಕ್ಕರು.
ಸರ್ಜನ್ ವಜ್ರೇಶ್ ನಗಲಿಲ್ಲ. ನಾಳೆ ಹೆಚ್ಚುಕಮ್ಮಿಯಾದರೆ
ಕೋರ್ಟಿಗೆ ಹೋಗುವುದು ನೆಟ್‌ವರ್ಕಾ, ನಾನಾ?
ಹೊಸ ಹುಡುಗ ಪ್ರಫುಲ್ಲ
ಮೊಸರನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತ
ಇವತ್ತು ಕೂತಲ್ಲೇ ಎಂಬತ್ತು ಜನರನ್ನು ನೋಡಿದೆ ಮೇಡಂ, ಅಂದ.
ನೋಡಿದೆಯೋ, ಎಣಿಸಿದೆಯೋ,
ಕೇಳಬೇಕೆಂದುಕೊಂಡು ಕೇಳಲಿಲ್ಲ.

ಕೇಳದಿರಲು ಕಾರಣ ಗಂಗುಲಪ್ಪ.
ಪರದೆಯಲ್ಲಿ ಎದೆಯವರೆಗೆ ಮಾತ್ರ ಬಂದವನು.
ಕೆಮ್ಮು, ರಾತ್ರಿ ಮಲಗಿದರೆ ಉಬ್ಬಸ, ಅಂದ.
ಸಿರಪ್ಪು ಬರೆದೆ.
ಊದಿದ ಪಾದ ಎರಡೂ
ಮೇಜಿನ ಕೆಳಗೆ, ಚಪ್ಪಲಿಯಲ್ಲಿ ಹಿಡಿಸದೆ
ಕೂತಿದ್ದವಂತೆ. ಆಮೇಲೆ ಶಬರೀನ್ ಹೇಳಿದಳು.
ಬಾಗಿಲಿಂದ ನಡೆದು ಬಂದಿದ್ದರೆ
ಆ ಸದ್ದಿಗೇ ನನಗೆ ತಿಳಿಯುತ್ತಿತ್ತು.
ಮೂರನೆಯ ವಾರ ಅವನ ಸರದಿಗೆ ಬೇರೆ ಹೆಸರು.

ಅಂದಿನಿಂದ ಚೇಳೂರಿನ ಉಪಕೇಂದ್ರದ
ಆ ಹುಡುಗಿಗೆ ನನ್ನ ಕಾಟ ಶುರು:
ಕಾಲು ತೋರಿಸು. ಉಗುರು ತೋರಿಸು.
ಆ ಹಸಿರು ಗೋಡೆಯ ಮುಂದೆ ಎಲ್ಲರಿಗೂ ಕಾಮಾಲೆಯೇ,
ಬಾಗಿಲಿಗೆ ಕರಕೊಂಡು ಹೋಗು, ಬಿಸಿಲಲ್ಲಿ ರೆಪ್ಪೆ ಎಳೆ.
ಕಾಯುತ್ತ ಕೂತವರು ಗೊಣಗಿದರು,
ಟೊಮೆಟೊ ಮಂಡಿಯ ಹರಾಜೂ ಇದಕ್ಕಿಂತ ಬೇಗ ಮುಗಿಯುತ್ತೆ.

ಗುರುವಾರ ಪೆದ್ದಕ್ಕ ಬಂದಳು.
ಕಡುಪು ನೊಪ್ಪಮ್ಮಾ, ಎರಡು ದಿನ ಆಯ್ತು.
ನಡುವೆ ತೆಲುಗು, ನಡುವೆ ಕನ್ನಡ, ನಡುವೆ ಗರಗರ.
ಶಬರೀನ್, ಮೊದಲು ಅಂಗೈ ಉಜ್ಜಿಕೋ,
ತಣ್ಣಗಿನ ಕೈಗೆ ಹೊಟ್ಟೆ ಸುಳ್ಳು ಹೇಳುತ್ತೆ
(ಮೂವತ್ತೈದು ವರ್ಷದ ಹಿಂದೆ ನಮ್ಮ ಮೇಷ್ಟ್ರು ಅಂದದ್ದು).
ಬಲಕ್ಕೆ. ಕೆಳಗೆ. ಮೆಲ್ಲಗೆ ಒತ್ತು. ಇನ್ನೂ ಆಳಕ್ಕೆ.
ಈಗ ಫಕ್ಕನೆ ಬಿಡು. ಹೊಟ್ಟೆ ನೋಡಬೇಡ, ಮುಖ ನೋಡು

ಅಲ್ಲಿಗೆ ಚಿತ್ರ ನಿಂತಿತು.
ಪೆದ್ದಕ್ಕನ ಬಾಯಿ ಅರ್ಧ ತೆರೆದಿತ್ತು,
ನಗುವಿರಬಹುದು, ಆಕಳಿಕೆಯಿರಬಹುದು.
ಚಿತ್ರ ಸತ್ತರೂ ಸದ್ದು ಬದುಕಿತ್ತು:
ಹಲ್ಲಿನ ಸಂದಿಯಿಂದ ಒಳಗೆಳೆದ
ಒಂದು ಸ್‌ಸ್.
ಅಷ್ಟು ಸಾಕಾಯಿತು. ಗಾಡಿ ಕರೆಸು, ಅಂದೆ.

ರಾತ್ರಿ ವಜ್ರೇಶ್ ತೆಗೆದ ಅಪೆಂಡಿಕ್ಸು
ಒಡೆಯಲು ಗಳಿಗೆಯಷ್ಟೇ ಬಾಕಿ ಇತ್ತಂತೆ.
ಫೋನಿನಲ್ಲಿ ಅದನ್ನಷ್ಟೇ ಹೇಳಿದ, ನೆಟ್‌ವರ್ಕಿನ ಮಾತೆತ್ತಲಿಲ್ಲ.
ಬೆಳಿಗ್ಗೆ ಹೋಗಿ ಮಂಚದ ಪಕ್ಕ ನಿಂತೆ.
ಕಣ್ಣು ಕಿರಿದು ಮಾಡಿ ನೋಡಿದಳು:
ನೀನ್ಯಾರಮ್ಮ?
ನನ್ನ ನೋಡಿದ ಡಾಕ್ಟ್ರು ಆ ಚೇಳೂರ ಹುಡುಗಿ,
ಕೈ ಎಷ್ಟು ಬೆಚ್ಚಗಿತ್ತು ಗೊತ್ತಾ.

ಹೌದು, ಅಂದೆ. ಬೇರೇನು ಅನ್ನಲಿ.

ಹಾಳೆ ಇನ್ನೂ ಖಾಲಿ.
ಯಾವ ಚೌಕದಲ್ಲೂ ಗಂಗುಲಪ್ಪನ ಪಾದ ಹಿಡಿಸವು.
ಮಂಗಳವಾರ ಎರಡು ಗಂಟೆ. ಪರದೆ ಹತ್ತುವ ಮುನ್ನ
ನನಗರಿವಿಲ್ಲದೆ ಅಂಗೈ ಉಜ್ಜುತ್ತ ಕೂತಿದ್ದೆ.
ಜವಾನ ಮುನಿನಾರಾಯಣ ಬಾಗಿಲಲ್ಲಿ ನಿಂತು,
ಚಳಿನಾ ಮೇಡಂ?
ಏಪ್ರಿಲ್ಲು. ಫ್ಯಾನು ಐದರಲ್ಲಿ ತಿರುಗುತ್ತಿತ್ತು.